ಎರಡು ನೋಟಗಳ ನಡುವೆ

ಪೌರಾಣಿಕ ಚಲನಚಿತ್ರಗಳನ್ನು ನೋಡಿದವರಿಗೆ ಒಂದು ವಿಚಿತ್ರ ದೃಶ್ಯ ಪರಿಚಿತವೇ ಆಗಿರುತ್ತದೆ. ರಥ ಮುಂದಕ್ಕೆ ಧಾವಿಸುತ್ತಿರುತ್ತದೆ. ಅದರ ಗಾಲಿ ಮಾತ್ರ ಹಿಂದಕ್ಕೆ ತಿರುಗುತ್ತಿರುವಂತೆ ಕಾಣುತ್ತದೆ. ಕ್ಯಾಮರಾ ಸೆಕೆಂಡಿಗೆ 24 ಸಲ ಮಾತ್ರ ಕಣ್ಣು ತೆರೆಯುವುದೇ ಇದಕ್ಕೆ ಕಾರಣ. ಒಂದು ನೋಟಕ್ಕೂ ಮುಂದಿನ ನೋಟಕ್ಕೂ ನಡುವೆ ಗಾಲಿಯ ಒಂದು ಅರ ಇನ್ನೊಂದರ ಸ್ಥಾನವನ್ನು ಮುಟ್ಟುವುದಕ್ಕೆ ತುಸು ಹಿಂದೆ ನಿಂತರೆ, ಗಾಲಿ ಹಿಂದಕ್ಕೆ ಸರಿಯಿತೆಂದೇ ನಮ್ಮ ಕಣ್ಣು ನಂಬುತ್ತದೆ. ಚಿತ್ರಮಂದಿರದಲ್ಲಿ ಇದು ನಕ್ಕು ಮರೆಯುವ ಸಂಗತಿ. ಆದರೆ ಕಾರ್ಖಾನೆಯ ಯಂತ್ರಗಳನ್ನು ಆಳುವ ಸಾಧನವೂ ಹೀಗೆಯೇ ಬಿಟ್ಟು ಬಿಟ್ಟು ನೋಡುವುದಾದರೆ?

ಈ ಪ್ರಶ್ನೆ ಹುಟ್ಟಿದ್ದು 1968ರ ಸುಮಾರಿಗೆ, ಅಮೆರಿಕದ ಮೋಟಾರು ಕಾರ್ಖಾನೆಗಳಲ್ಲಿ. ಅದಕ್ಕೂ ಮುಂಚೆ ಯಂತ್ರಗಳ ನಿಯಂತ್ರಣವೆಲ್ಲ ರಿಲೇಗಳ ಕೈಯಲ್ಲಿತ್ತು. ತಂತಿಯ ಸುರುಳಿಯಲ್ಲಿ ವಿದ್ಯುತ್ತು ಹರಿದರೆ ಕಬ್ಬಿಣದ ತುಂಡೊಂದು ಸೆಳೆಯಲ್ಪಟ್ಟು ಇನ್ನೊಂದು ಮಂಡಲವನ್ನು ಕೂಡಿಸುತ್ತದೆ ಅಥವಾ ಕಡಿಯುತ್ತದೆ. ರಿಲೇ ಎಂದರೆ ಇಷ್ಟೆ. ಇಂಥ ನೂರಾರು ರಿಲೇಗಳು ಬೀರುಗಳ ತುಂಬ ಸಾಲುಗಟ್ಟಿ ನಿಂತಿರುತ್ತಿದ್ದವು. ಅವು ಸವೆಯುತ್ತಿದ್ದವು, ಅಂಟಿಕೊಳ್ಳುತ್ತಿದ್ದವು. ಕಾರಿನ ಮಾದರಿ ಬದಲಾದಾಗ ತಂತಿಗಳನ್ನೆಲ್ಲ ಕಿತ್ತು ಮತ್ತೆ ಜೋಡಿಸಬೇಕಾಗುತ್ತಿತ್ತು. ಆದರೆ ಅವುಗಳಲ್ಲಿ ಒಂದು ಗುಣವಿತ್ತು. ಪ್ರತಿಯೊಂದು ರಿಲೇಯೂ ತನ್ನ ಪಾಲಿನ ತಂತಿಯನ್ನು ಸದಾಕಾಲ ಕಾಯುತ್ತಿತ್ತು. ನೂರು ರಿಲೇಗಳಿದ್ದರೆ ನೂರು ಕಾವಲುಗಾರರಿದ್ದಂತೆ.

1968ರಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆಯ ಹೈಡ್ರಾಮ್ಯಾಟಿಕ್ ವಿಭಾಗ ಈ ತಂತಿಗಳ ಕಾಡಿಗೆ ಬದಲಾಗಿ, ಬೇಕಾದಾಗ ತಿದ್ದಿಕೊಳ್ಳಬಹುದಾದ ಒಂದು ವಿದ್ಯುನ್ಮಾನ ಸಾಧನ ಬೇಕೆಂದು ಕೇಳಿತು. ಅದೇ ವರ್ಷದ ಜನವರಿ ಒಂದರಂದು, ಮೆಸಾಚುಸೆಟ್ಸ್ ಪ್ರಾಂತದ ಬೆಡ್‌ಫರ್ಡ್ ಅಸೋಸಿಯೇಟ್ಸ್ ಸಂಸ್ಥೆಯ ಡಿಕ್ ಮಾರ್ಲಿ ಎಂಬ ಎಂಜಿನಿಯರ್ ಇಂಥದೇ ಸಾಧನದ ಕಲ್ಪನೆಯನ್ನು ಬರೆದಿಟ್ಟಿದ್ದರು. ಅದು ಆ ಸಂಸ್ಥೆಯ 84ನೆಯ ಯೋಜನೆ. ಆದುದರಿಂದ ಸಾಧನಕ್ಕೆ 084 ಎಂಬ ಹೆಸರಾಯಿತು. ಅದನ್ನು ತಯಾರಿಸಲು ಹುಟ್ಟಿದ ಕಂಪೆನಿ ಮೋಡಿಕಾನ್. ನಾವು ಇಂದು ಪಿ.ಎಲ್.ಸಿ. ಎಂದು ಕರೆಯುವ ನಿಯಂತ್ರಕಗಳ ಹಿರಿಯಣ್ಣ ಇದು.

ಎಲೆಕ್ಟ್ರಿಷಿಯನ್ನರು ಗಾಬರಿಯಾಗದಂತೆ ಅವರಿಗೆ ಪರಿಚಿತವಾಗಿದ್ದ ರಿಲೇಗಳ ನಕ್ಷೆಯನ್ನೇ ಈ ನಿಯಂತ್ರಕದ ಭಾಷೆಯನ್ನಾಗಿ ಇರಿಸಿಕೊಂಡರು. ಏಣಿಯ ಮೆಟ್ಟಿಲುಗಳಂತಿರುವ ಆ ನಕ್ಷೆಯನ್ನು ನೋಡಿದರೆ ಎಲ್ಲ ಮೆಟ್ಟಿಲುಗಳೂ ಏಕಕಾಲಕ್ಕೆ ಜೀವಂತವಾಗಿರುವಂತೆ ತೋರುತ್ತದೆ. ವಾಸ್ತವವಾಗಿ ಒಳಗಿರುವವನು ಒಬ್ಬನೇ ಕಾವಲುಗಾರ. ಊರಿನಲ್ಲಿ ಗಸ್ತು ತಿರುಗುವವನಂತೆ ಅವನು ಮೊದಲು ಒಳಬರುವ ಸಂಕೇತಗಳನ್ನೆಲ್ಲ ಒಮ್ಮೆ ನೋಡಿಕೊಳ್ಳುತ್ತಾನೆ. ಆಮೇಲೆ ಏಣಿಯ ಮೆಟ್ಟಿಲುಗಳನ್ನು ಒಂದೊಂದಾಗಿ ಲೆಕ್ಕ ಹಾಕುತ್ತಾನೆ. ಕೊನೆಗೆ ಹೊರಹೋಗಬೇಕಾದ ಆಜ್ಞೆಗಳನ್ನು ಕೊಟ್ಟು ಮತ್ತೆ ಮೊದಲಿನಿಂದ ಹೊರಡುತ್ತಾನೆ. ಈ ಒಂದು ಸುತ್ತಿಗೆ ಸ್ಕ್ಯಾನ್ ಎಂದು ಹೆಸರು.

ಒಂದು ಸುತ್ತಿಗೆ 20 ಮಿಲಿಸೆಕೆಂಡು, ಎಂದರೆ ಸೆಕೆಂಡಿನ ಐವತ್ತನೆಯ ಒಂದು ಭಾಗ, ಹಿಡಿಯುವುದೆಂದು ಇಟ್ಟುಕೊಳ್ಳೋಣ. ಸೀಸೆಗಳನ್ನು ಎಣಿಸುವ ಬೆಳಕಿನ ಕಣ್ಣೊಂದು ಪ್ರತಿ ಸೀಸೆಗೂ 5 ಮಿಲಿಸೆಕೆಂಡಿನಷ್ಟು ಚಿಕ್ಕ ಸಂಕೇತ ಕೊಟ್ಟರೆ, ಕಾವಲುಗಾರನ ಕಣ್ಣಿಗೆ ಸರಾಸರಿ ನಾಲ್ಕು ಸೀಸೆಗಳಲ್ಲಿ ಒಂದು ಮಾತ್ರ ಬಿದ್ದೀತು. ಉಳಿದ ಮೂರು ಇದ್ದೂ ಇಲ್ಲದಂತೆ. 50 ಮಿಲಿಸೆಕೆಂಡಿಗೆ ಕವಾಟ ಮುಚ್ಚಬೇಕೆಂದು ಬರೆದರೂ, ಕಾಲ ಮುಗಿದದ್ದು ಅವನಿಗೆ ತಿಳಿಯುವುದು ಮೂರನೆಯ ಸುತ್ತಿನಲ್ಲಿ, 60 ಕಳೆದಾಗ.

ನೋಡುವುದಕ್ಕಿರುವ ಈ ಮಿತಿ ಹೇಳುವುದಕ್ಕೂ ಉಂಟು. ಹೊರಹೋಗುವ ಸಂಕೇತವನ್ನು ಒಂದು ಸುತ್ತಿನಲ್ಲಿ ಹೊತ್ತಿಸಿ ಮುಂದಿನ ಸುತ್ತಿನಲ್ಲಿ ಆರಿಸಿದರೆ ಒಂದು ಮಿಡಿತ ಪೂರ್ಣವಾಗಲು 40 ಮಿಲಿಸೆಕೆಂಡು ಬೇಕು. ಸೆಕೆಂಡಿಗೆ 25 ಮಿಡಿತ. ಅದಕ್ಕಿಂತ ವೇಗ ಅಸಾಧ್ಯ. ಮಿಡಿತಕ್ಕೊಂದು ಹೆಜ್ಜೆಯಂತೆ 200 ಹೆಜ್ಜೆಗಳಲ್ಲಿ ಒಂದು ಸುತ್ತು ತಿರುಗುವ ಮೋಟಾರು ಇದನ್ನು ನಂಬಿದರೆ, ಒಂದು ಸುತ್ತಿಗೆ 8 ಸೆಕೆಂಡು ತೆಗೆದುಕೊಳ್ಳುತ್ತದೆ. ಮೇಲಾಗಿ ಗಸ್ತಿನ ಅವಧಿಯೂ ಒಂದೇ ಸಮನಾಗಿರದು. ಲೆಕ್ಕ ಹೆಚ್ಚಿದ ಸುತ್ತು ನಿಧಾನವಾಗುತ್ತದೆ, ಮಿಡಿತದ ತಾಳ ತಪ್ಪುತ್ತದೆ.

ಇದು ಯಾವನೋ ಎಂಜಿನಿಯರನ ಕೈತಪ್ಪಲ್ಲ. 1928ರಲ್ಲಿ ಹ್ಯಾರಿ ನೈಕ್ವಿಸ್ಟ್ ತಂತಿ ವರ್ತಮಾನದ ವೇಗಕ್ಕಿರುವ ಗಡಿಯನ್ನು ಲೆಕ್ಕ ಹಾಕಿದ್ದರು. 1933ರಲ್ಲಿ ರಷ್ಯದ ಕೊಟೆಲ್ನಿಕೋವ್, 1949ರಲ್ಲಿ ಅಮೆರಿಕದ ಶಾನನ್ ಅದನ್ನು ಪ್ರಮೇಯದ ರೂಪಕ್ಕೆ ತಂದರು. ಅಲೆಯೊಂದನ್ನು ಅರಿಯಬೇಕಾದರೆ ಅದರ ಪ್ರತಿ ಏರಿಳಿತಕ್ಕೂ ಎರಡಕ್ಕಿಂತ ಹೆಚ್ಚು ಸಲ ನೋಡಬೇಕು ಎಂಬುದು ಅದರ ಸಾರ. ಟೆಲಿಫೋನಿನವರು ಅರಿತಿದ್ದ ಈ ಸತ್ಯವನ್ನು ಕಾರ್ಖಾನೆಯವರು ತಮ್ಮ ಕೈಯಾರೆ ಮತ್ತೊಮ್ಮೆ ಕಲಿಯಬೇಕಾಯಿತು.

ಪರಿಹಾರಗಳೂ ಬಂದವು. ಎಣಿಕೆಯ ಕೆಲಸವೊಂದನ್ನೇ ಮಾಡುವ ವೇಗದ ಮಂಡಲ, ಮಿಡಿತಗಳನ್ನು ಹೊರಡಿಸುವುದಕ್ಕೆಂದೇ ಬೇರೊಂದು ಮಂಡಲ, ತುರ್ತು ಬಂದಾಗ ಗಸ್ತನ್ನು ನಡುವೆಯೇ ತಡೆದು ಕರೆಯುವ ಏರ್ಪಾಡು. ಗಮನಿಸಿದರೆ, ಇವೆಲ್ಲ ಗಸ್ತಿನವನ ಜೊತೆಗೆ ಅಲ್ಲಲ್ಲಿ ಒಬ್ಬೊಬ್ಬ ಕಾಯಂ ಕಾವಲುಗಾರನನ್ನು ಮತ್ತೆ ನಿಲ್ಲಿಸಿದ ಹಾಗೆಯೇ. ಕೆಲಸಗಾರನ ಕೈ ಯಂತ್ರಕ್ಕೆ ಸಿಕ್ಕಿದಾಗ ಒತ್ತುವ ಕೆಂಪು ಗುಂಡಿಯ ವಿಷಯದಲ್ಲಂತೂ ಜನ ಬಹುಕಾಲ ರಾಜಿಯಾಗಲಿಲ್ಲ. ಆ ಗುಂಡಿ ನಿಯಂತ್ರಕದ ಲೆಕ್ಕಾಚಾರಕ್ಕೆ ಕಾಯದೆ ನೇರವಾಗಿ ವಿದ್ಯುತ್ತನ್ನೇ ಕಡಿಯಬೇಕೆಂಬುದು ದಶಕಗಳ ಕಾಲ ನಡೆದುಬಂದ ಕಟ್ಟುನಿಟ್ಟಿನ ಪದ್ಧತಿ. ಒಂದನ್ನೊಂದು ಪರೀಕ್ಷಿಸಿಕೊಳ್ಳುವ ಜೋಡಿ ಗಣಕಗಳು ಬಂದ ಮೇಲೆಯೇ ಅದು ಸಡಿಲವಾದದ್ದು.

ಇಂದಿನ ನಿಯಂತ್ರಕಗಳಲ್ಲಿ ಒಂದು ಸುತ್ತು ಒಂದು ಮಿಲಿಸೆಕೆಂಡಿಗಿಂತಲೂ ಬೇಗ ಮುಗಿಯಬಹುದು. ಕುರುಡು ಗಳಿಗೆ ಕಿರಿದಾಗಿದೆ, ಇಲ್ಲವಾಗಿಲ್ಲ. ತನಗೆ ಕಾಣದ ಗಳಿಗೆ ಎಷ್ಟು ದೀರ್ಘವೆಂದು ಯಂತ್ರ ತಾನಾಗಿ ಹೇಳಿಕೊಳ್ಳುವುದಿಲ್ಲ. ಅದನ್ನು ಅಳೆದು, ಬರೆದಿಟ್ಟು, ಅದಕ್ಕೆ ತಕ್ಕಂತೆ ಕೆಲಸಗಾರನ ಕೈಯನ್ನು ಕಾಪಾಡುವ ಹೊಣೆ ಇಂದಿಗೂ ಮನುಷ್ಯನದೇ.