ಐವಿ ಲೀ ಅವರ ಪ್ರಕಟಣೆಗಳು ಮತ್ತು ನಾನು ಬರೆದ ನಾಲ್ಕು ಸಾಲು

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಬೆಂಗಳೂರಿನಲ್ಲಿ ಉದ್ದಿಮೆಗಳಿಗೆ ಸಾರ್ವಜನಿಕ ಸಂಪರ್ಕದ ಸಲಹೆ ನೀಡುವ ಸಂಸ್ಥೆಯೊಂದರಲ್ಲಿ ಅವನಿಗೆ ಉದ್ಯೋಗ. ಕಾಫಿ ಕುಡಿಯುತ್ತ ಕುಳಿತವನು ಇದ್ದಕ್ಕಿದ್ದಂತೆ, "ಸಾರ್, ಕಂಪನಿಯವರು ಕೊಟ್ಟ ವಿವರ ನಿಜವೋ ಸುಳ್ಳೋ ನನಗೆ ಗೊತ್ತಿರುವುದಿಲ್ಲ. ಸಂಜೆಯೊಳಗೆ ಪತ್ರಿಕಾ ಪ್ರಕಟಣೆ ಹೋಗಬೇಕು ಅನ್ನುತ್ತಾರೆ. ಬರೆದುಬಿಡುತ್ತೇನೆ. ಅದು ತಪ್ಪೇ?" ಎಂದು ಕೇಳಿದ. ಚರಿತ್ರೆಯ ಮೇಷ್ಟ್ರಿಗೆ ಪ್ರಶ್ನೆ ಹಾಕಿದರೆ ಉತ್ತರ ನೂರು ವರ್ಷ ಹಿಂದಿನಿಂದ ಹೊರಡುತ್ತದೆಂಬುದು ನಿಮಗೆಲ್ಲ ತಿಳಿದದ್ದೇ. ಅಂದು ಅವನಿಗೆ ಹೇಳಿದ್ದನ್ನೂ, ಹೇಳಲಾಗದೆ ಉಳಿಸಿಕೊಂಡದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಈ ವೃತ್ತಿಯ ಮೂಲಪುರುಷರ ಸಾಲಿನಲ್ಲಿ ಮೊದಲು ನಿಲ್ಲುವ ಹೆಸರುಗಳಲ್ಲಿ ಒಂದು ಐವಿ ಲೀ ಅವರದು. 1877ರಲ್ಲಿ ಅಮೆರಿಕದ ಜಾರ್ಜಿಯಾ ಪ್ರಾಂತದಲ್ಲಿ, ಮೆಥೊಡಿಸ್ಟ್ ಪಾದ್ರಿಯೊಬ್ಬರ ಮಗನಾಗಿ ಜನಿಸಿದವರು. ಪ್ರಿನ್ಸ್‌ಟನ್‌ನಲ್ಲಿ ಓದಿ, ನ್ಯೂಯಾರ್ಕಿನ ಪತ್ರಿಕೆಗಳಲ್ಲಿ ದುಡಿದು, ಬಳಿಕ ಉದ್ದಿಮೆದಾರರ ಪಾಲಿನ ಸಲಹೆಗಾರರಾದರು. ಅವರಿಗೆ ಕೆಲಸ ಸಿಕ್ಕಿದ್ದಕ್ಕೆ ಕಾರಣ ಉದ್ದಿಮೆದಾರರ ಮೌನ. 1902ರಲ್ಲಿ ಪೆನ್ಸಿಲ್ವೇನಿಯಾದ ಕಲ್ಲಿದ್ದಲ ಗಣಿಗಳಲ್ಲಿ ದೊಡ್ಡ ಮುಷ್ಕರ ನಡೆದಾಗ ಕಾರ್ಮಿಕ ನಾಯಕ ಜಾನ್ ಮಿಚೆಲ್ ಪತ್ರಕರ್ತರೊಡನೆ ಸಲೀಸಾಗಿ ಮಾತನಾಡುತ್ತಿದ್ದರು. ಮಾಲೀಕರ ಮುಂದಾಳು ಜಾರ್ಜ್ ಬೇಯರ್ ಬಾಯಿ ಬಿಡುತ್ತಿರಲಿಲ್ಲ. ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟರೇ ಸಭೆ ಕರೆದರೂ ಮಾಲೀಕರು ಮಿಚೆಲ್ ಜೊತೆ ವ್ಯವಹರಿಸಲು ಒಪ್ಪಲಿಲ್ಲ. ಜನಾಭಿಪ್ರಾಯ ಯಾವ ಕಡೆ ವಾಲಿತೆಂದು ಹೇಳಬೇಕಾಗಿಲ್ಲ. 1906ರಲ್ಲಿ ಮತ್ತೆ ಮುಷ್ಕರದ ಸೂಚನೆ ಕಂಡೊಡನೆ ಅದೇ ಮಾಲೀಕರು ಲೀ ಅವರನ್ನು ನೇಮಿಸಿಕೊಂಡರು.

ಆಗ ಲೀ ಪತ್ರಿಕಾ ಸಂಪಾದಕರಿಗೆಲ್ಲ ಒಂದು ಘೋಷಣೆಯನ್ನು ಕಳುಹಿಸಿದರು. ಅದರ ಸಾರ ಇಷ್ಟು: ನಮ್ಮದು ಗುಪ್ತ ಕಚೇರಿಯಲ್ಲ, ಮಾಡುವುದೆಲ್ಲ ಬಹಿರಂಗವಾಗಿ. ನಾವು ಕೊಡುವುದು ಸುದ್ದಿ. ಅದು ಜಾಹೀರಾತೆಂದು ತೋರಿದರೆ ಬಳಸಬೇಡಿ. ವಿಷಯ ಖಚಿತವಾಗಿರುತ್ತದೆ, ಹೆಚ್ಚಿನ ವಿವರ ಬೇಕೆಂದವರಿಗೆ ಒದಗಿಸುತ್ತೇವೆ, ಯಾವ ಸಂಪಾದಕರಾದರೂ ಪರಿಶೀಲಿಸಬಯಸಿದರೆ ಸಂತೋಷದಿಂದ ನೆರವಾಗುತ್ತೇವೆ. ಈ ಕೊನೆಯ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ (ಪರೀಕ್ಷೆಗೆ ಬರುತ್ತದೆ ಎಂದು ತರಗತಿಯಲ್ಲಿ ಹೇಳುತ್ತಿದ್ದೆನಲ್ಲ, ಹಾಗೆ!).

ಅದೇ ವರ್ಷ ಅಕ್ಟೋಬರ್ 28ರಂದು ಅಟ್ಲಾಂಟಿಕ್ ಸಿಟಿಯ ಬಳಿ ವಿದ್ಯುತ್ ರೈಲೊಂದು ಸೇತುವೆಯಿಂದ ನೀರಿಗುರುಳಿ 53 ಮಂದಿ ಮೃತಪಟ್ಟರು. ಆ ಮಾರ್ಗ ಪೆನ್ಸಿಲ್ವೇನಿಯಾ ರೈಲು ಸಂಸ್ಥೆಯ ಅಧೀನದ್ದು. ಅಪಘಾತವನ್ನು ಆದಷ್ಟು ಮುಚ್ಚಿಡುವುದೇ ಆ ಕಾಲದ ರೈಲು ಸಂಸ್ಥೆಗಳ ರೂಢಿಯಾಗಿತ್ತು. ಲೀ ಅವರು ಸಂಸ್ಥೆಯ ಪರವಾಗಿ ತಾವೇ ಮುಂದಾಗಿ ಹೇಳಿಕೆ ಸಿದ್ಧಪಡಿಸಿ ಪತ್ರಿಕೆಗಳಿಗೆ ನೀಡಿದರು. ನ್ಯೂಯಾರ್ಕ್ ಟೈಮ್ಸ್ ಅದನ್ನು ಅಕ್ಟೋಬರ್ 30ರಂದು ಬರೆದಂತೆಯೇ ಮುದ್ರಿಸಿತು. ಇದನ್ನೇ ಪ್ರಪಂಚದ ಮೊದಲ ಪತ್ರಿಕಾ ಪ್ರಕಟಣೆಯೆಂದು ಹಲವರು ಎಣಿಸುತ್ತಾರೆ. ಮುಚ್ಚಿಡುವುದಕ್ಕಿಂತ ಬಿಚ್ಚಿಡುವುದೇ ಸಂಸ್ಥೆಗೂ ಕ್ಷೇಮವೆಂಬ ಪಾಠ ಉದ್ದಿಮೆಗಳಿಗೆ ಅಲ್ಲಿಂದ ಆರಂಭವಾಯಿತು.

ನನ್ನ ಶಿಷ್ಯನ ಮುಖ ಇಲ್ಲಿಯವರೆಗೆ ಅರಳಿತ್ತು. ಅವನ ಸಂಸ್ಥೆಯ ತರಬೇತಿಯಲ್ಲಿಯೂ ಈ ಕಥೆ ಹೇಳಿದ್ದರಂತೆ. ಆದರೆ ಕಥೆ ಅಲ್ಲಿಗೇ ನಿಂತಿತ್ತಂತೆ.

ಎಂಟು ವರ್ಷ ಮುಂದಕ್ಕೆ ಹೋಗೋಣ. ಕೊಲೊರಾಡೊದ ಕಲ್ಲಿದ್ದಲ ಗಣಿಗಳಲ್ಲಿ 1913ರ ಸೆಪ್ಟೆಂಬರಿನಲ್ಲಿ ಮುಷ್ಕರ ಹೂಡಿದ ಕಾರ್ಮಿಕರನ್ನು ಕಂಪನಿಯ ಮನೆಗಳಿಂದ ಹೊರಹಾಕಲಾಯಿತು. ಹೆಂಡತಿ ಮಕ್ಕಳೊಂದಿಗೆ ಅವರು ಲಡ್ಲೋ ಎಂಬಲ್ಲಿ ಗುಡಾರ ಹಾಕಿಕೊಂಡು ಚಳಿಗಾಲ ಕಳೆದರು. 1914ರ ಏಪ್ರಿಲ್ 20ರಂದು ರಾಜ್ಯದ ಸೈನಿಕರಿಗೂ ಮುಷ್ಕರದವರಿಗೂ ಗುಂಡಿನ ಕಾಳಗ ನಡೆದು, ಸಂಜೆಯ ವೇಳೆಗೆ ಗುಡಾರಗಳು ಹೊತ್ತಿ ಉರಿದವು. ಗುಂಡಿನಿಂದ ಪಾರಾಗಲು ಒಂದು ಗುಡಾರದ ಕೆಳಗೆ ತೋಡಿದ್ದ ಹಳ್ಳದಲ್ಲಿ ಅವಿತಿದ್ದ ಇಬ್ಬರು ಹೆಂಗಸರು ಮತ್ತು 11 ಮಕ್ಕಳು ಉಸಿರುಕಟ್ಟಿ ಸತ್ತರು. ಅಲ್ಲಿನ ಪ್ರಮುಖ ಕಂಪನಿಯ ಒಡೆತನ ರಾಕ್‌ಫೆಲರ್ ಮನೆತನದ ಹಿಡಿತದಲ್ಲಿತ್ತು. ದೇಶವೆಲ್ಲ ಆ ಹೆಸರಿಗೆ ಛೀಮಾರಿ ಹಾಕಿತು. ಕಿರಿಯ ರಾಕ್‌ಫೆಲರ್ ಅವರು ಐವಿ ಲೀ ಅವರನ್ನು ಕರೆಸಿಕೊಂಡರು.

ಲೀ ಅವರು ಕೊಲೊರಾಡೊದ ಹೋರಾಟದ ಬಗ್ಗೆ 'ಸತ್ಯಾಂಶ'ಗಳೆಂಬ ಶೀರ್ಷಿಕೆಯ ಕರಪತ್ರಗಳ ಮಾಲೆಯನ್ನು ಹೊರಡಿಸಿ, ದೇಶದ ಗಣ್ಯರಿಗೆ ಅಂಚೆಯಲ್ಲಿ ಕಳುಹಿಸತೊಡಗಿದರು. ಸಾಮಗ್ರಿ ಬಂದದ್ದು ಗಣಿ ಮಾಲೀಕರಿಂದ. ಒಂದು ಕರಪತ್ರದಲ್ಲಿ ಕಾರ್ಮಿಕ ನಾಯಕರು ವರ್ಷವಿಡೀ ಪಡೆದ ಹಣವನ್ನು ಕೆಲವೇ ವಾರಗಳ ಸಂಪಾದನೆಯೆಂದು ಅಚ್ಚು ಹಾಕಲಾಗಿತ್ತು. ಕೂಲಿಯವನ ಹೆಸರಿನಲ್ಲಿ ನಾಯಕ ಹಣ ಬಾಚುತ್ತಿದ್ದಾನೆಂದು ಓದಿದವರಿಗೆ ಅನ್ನಿಸದೆ ಇದ್ದೀತೆ? ತಪ್ಪು ಬಯಲಾದ ಮೇಲೂ ತಿದ್ದುಪಡಿ ಹೊರಬರಲು ತಡವಾಯಿತು.

1915ರಲ್ಲಿ ಔದ್ಯೋಗಿಕ ಸಂಬಂಧಗಳ ಕುರಿತ ಸರ್ಕಾರಿ ಆಯೋಗದ ಮುಂದೆ ಲೀ ಸಾಕ್ಷಿ ನುಡಿದರು. ಮಾಲೀಕರು ಒದಗಿಸಿದ ವಿಷಯಗಳು ಸರಿಯೇ ಎಂದು ತಿಳಿಯಲು ನೀವೇನು ಪ್ರಯತ್ನ ಮಾಡಿದಿರಿ ಎಂದು ಅಧ್ಯಕ್ಷ ಫ್ರಾಂಕ್ ವಾಲ್ಶ್ ಅವರು ಕೇಳಿದಾಗ, ಸ್ವತಃ ತಾನು ಏನೊಂದೂ ಮಾಡಲಿಲ್ಲವೆಂದು ಒಪ್ಪಿಕೊಂಡರು. ಸಂಪಾದಕರ ಪರಿಶೀಲನೆಗೆ ನೆರವಾಗುವೆನೆಂದು ಬರೆದುಕೊಟ್ಟವರು ಇವರೇ! ಕಾದಂಬರಿಕಾರ ಅಪ್ಟನ್ ಸಿಂಕ್ಲೇರ್ 'ಪಾಯ್ಸನ್ ಐವಿ' ಎಂದು ಅಡ್ಡಹೆಸರಿಟ್ಟರು. ಅದು ಅಮೆರಿಕದ ಕಾಡಿನಲ್ಲಿ ಬೆಳೆಯುವ, ಮುಟ್ಟಿದರೆ ಮೈಯೆಲ್ಲ ತುರಿಸುವ ಬಳ್ಳಿಯ ಹೆಸರು.

ಲೀ ಅವರ ಬಗ್ಗೆ ಇಷ್ಟನ್ನೇ ಹೇಳಿದರೆ ನ್ಯಾಯವಾಗದು. 1915ರ ಸೆಪ್ಟೆಂಬರಿನಲ್ಲಿ ರಾಕ್‌ಫೆಲರ್ ಅವರು ಸ್ವತಃ ಕೊಲೊರಾಡೊಗೆ ಹೋಗಿ, ಗಣಿಯೊಳಗಿಳಿದು, ಕಾರ್ಮಿಕರೊಡನೆ ಉಂಡು, ಅವರ ಹೆಂಡಂದಿರೊಂದಿಗೆ ನರ್ತಿಸಿ ಬಂದರು. ಮುಂದೆ ಕೆನಡಾದ ಪ್ರಧಾನಿಯಾದ ಮೆಕೆಂಜಿ ಕಿಂಗ್ ರೂಪಿಸಿದ್ದ ಕಾರ್ಮಿಕ ಪ್ರಾತಿನಿಧ್ಯದ ಯೋಜನೆಯೂ ಜಾರಿಗೆ ಬಂತು. ಅದು ಕಂಪನಿಯೇ ಕಟ್ಟಿದ ಸಂಘ, ಕಾರ್ಮಿಕರದೇ ಆದ ಸಂಘವಲ್ಲ. ಮಾಲೀಕರ ಹಿಡಿತದ ಅಂಥ ಸಂಘಗಳನ್ನು 1935ರ ಕಾಯಿದೆ ನಿಷೇಧಿಸಿತು. ಆದರೂ ಮಾಲೀಕನನ್ನು ಕಾರ್ಮಿಕನ ಮುಂದೆ ತಂದು ನಿಲ್ಲಿಸಿದ್ದು ಕರಪತ್ರಕ್ಕಿಂತ ಉತ್ತಮವಾದ ಕೆಲಸವೆಂದು ನನ್ನ ಅಭಿಪ್ರಾಯ.

ಕೊನೆಗಾಲದಲ್ಲಿ ಜರ್ಮನಿಯ ರಾಸಾಯನಿಕ ಉದ್ದಿಮೆ ಐ.ಜಿ. ಫಾರ್ಬೆನ್‌ಗೆ ವರ್ಷಕ್ಕೆ 25,000 ಡಾಲರಿಗೆ ಸಲಹೆ ನೀಡುತ್ತಿದ್ದ ವಿಷಯ ಸಂಸತ್ ಸಮಿತಿಯ ವಿಚಾರಣೆಯಿಂದ 1934ರಲ್ಲಿ ಹೊರಬಿದ್ದು, ಪತ್ರಿಕೆಗಳು ಹಿಟ್ಲರನ ಪ್ರಚಾರಕನೆಂದು ದೂರಿದವು. ಅದೇ ವರ್ಷ ನವೆಂಬರ್ 9ರಂದು ಮೆದುಳಿನ ಗಂತಿಯಿಂದ, 57ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಶಿಷ್ಯನಿಗೆ ಹೇಳಿದ್ದು ಇಲ್ಲಿಗೆ ಮುಗಿಯಿತು. "ಅಂದರೆ ಪರಿಶೀಲಿಸದೆ ಬರೆಯಬಾರದು ಅಂತೀರಾ ಸಾರ್" ಎಂದು ನಕ್ಕು, ನಮಸ್ಕರಿಸಿ ಹೊರಟ. ಗೇಟಿನವರೆಗೆ ಹೋಗಿ ಬೀಳ್ಕೊಟ್ಟು ಬಂದವನಿಗೆ ರಾತ್ರಿ ನಿದ್ದೆ ಹತ್ತಲಿಲ್ಲ.

1980ರ ದಶಕದ ಮಾತು. ನಾನಾಗ ಒಂದು ಖಾಸಗಿ ಆಡಳಿತದ ಪ್ರೌಢಶಾಲೆಯಲ್ಲಿದ್ದೆ. ಮಳೆಗಾಲದ ಒಂದು ಮಧ್ಯಾಹ್ನ ಎಂಟನೆಯ ತರಗತಿಯ ಮಾಡು ಕುಸಿದು ಹೆಂಚುಗಳು ಮಕ್ಕಳ ಮೇಲೆ ಬಿದ್ದವು. ಹಲವರಿಗೆ ತರಚು ಗಾಯವಾಯಿತು. ಒಬ್ಬ ಹುಡುಗನ ಬಲಗೈ ಮುರಿಯಿತು. ಆಡಳಿತ ಮಂಡಳಿಯ ಅಧ್ಯಕ್ಷರು ನನ್ನನ್ನು ಕರೆಸಿ, "ಮೇಷ್ಟ್ರೇ, ನಿಮ್ಮ ಭಾಷೆ ಚೆನ್ನಾಗಿದೆ. ಪೇಪರಿನವರಿಗೆ ನಾಲ್ಕು ಸಾಲು ಬರೆದುಕೊಡಿ" ಎಂದರು. ಬರೆದುಕೊಟ್ಟೆ. ಅನಿರೀಕ್ಷಿತವಾದ ಬಿರುಗಾಳಿಯಿಂದಾಗಿ ಸಣ್ಣ ಅವಘಡ ಸಂಭವಿಸಿತೆಂದೂ, ಕಟ್ಟಡ ಸುಸ್ಥಿತಿಯಲ್ಲಿದೆಯೆಂದೂ ಬರೆದೆ. ಲೀ ಅವರಾದರೂ ವಿಷಯ ಪರಿಶೀಲಿಸಲಿಲ್ಲ, ಅಷ್ಟೆ. ನನಗೆ ಪರಿಶೀಲಿಸುವ ಅಗತ್ಯವೇ ಇರಲಿಲ್ಲ. ಆ ಕೊಠಡಿಯ ತೊಲೆಗೆ ಗೆದ್ದಲು ಹಿಡಿದಿದೆಯೆಂದು ಬೇಸಿಗೆ ರಜೆಗೆ ಮುಂಚೆ ಮಂಡಳಿಗೆ ಹೋದ ಅರ್ಜಿಗೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ.

ವಾರ ಕಳೆದು ಹುಡುಗನ ತಂದೆ ಪತ್ರಿಕೆಯ ತುಂಡನ್ನು ಜೇಬಿನಲ್ಲಿಟ್ಟುಕೊಂಡು ಶಾಲೆಗೆ ಬಂದರು. ಬೇಸಾಯದವರು. ಜಗಳವಾಡಲಿಲ್ಲ. "ಅವತ್ತು ಗಾಳಿ ಎಲ್ಲಿತ್ತು ಸ್ವಾಮೀ?" ಎಂದಷ್ಟೇ ಕೇಳಿದರು. ಅದನ್ನು ಬರೆದವನು ನಾನೆಂದು ಅವರಿಗೆ ತಿಳಿದಿರಲಿಲ್ಲ. ನಾನೂ ಹೇಳಲಿಲ್ಲ. ವರ್ಷದ ಕೊನೆಗೆ ಹುಡುಗನ ವರ್ಗಾವಣೆ ಪತ್ರ ಪಡೆದುಕೊಂಡು ಹೋದರು.

ಆ ತರಗತಿಯಲ್ಲಿದ್ದ ನಾಲ್ಕಾರು ಮಂದಿ ಈ ಪುಟವನ್ನು ಓದುತ್ತೀರೆಂದು ಬಲ್ಲೆ. ಕಿಟಕಿಯ ಪಕ್ಕದ ಎರಡನೆಯ ಬೆಂಚಿನಲ್ಲಿ ಕೂರುತ್ತಿದ್ದವನು, ಕೈಗೆ ಪಟ್ಟಿ ಕಟ್ಟಿದ್ದಾಗ ಎಡಗೈಯಲ್ಲಿ ಭೂಪಟ ಬರೆದು ತೋರಿಸಿದವನು, ನಿಮಗೆ ನೆನಪಿರಬಹುದು. ಅವನು ಈಗ ಎಲ್ಲಿದ್ದಾನೆಂದು ಬಲ್ಲವರಿದ್ದರೆ, ಇಲ್ಲಿ ಹೆಸರು ಬರೆಯದೆ, ನನಗೆ ಪ್ರತ್ಯೇಕವಾಗಿ ತಿಳಿಸಿ.