ಪಕ್ಕದ ಮನೆಯ ಬಿಪಿ ಮಾತ್ರೆ ಯಾಕೆ ನುಂಗಬಾರದು? ಒಂದು 130 ವರ್ಷದ ಕಥೆ

ಸಕ್ಕರೆ, ಕಾಫಿಪುಡಿ ಸಾಲ ಕೊಟ್ಟ ಹಾಗೆ ಬಿಪಿ ಮಾತ್ರೆಯನ್ನೂ ಸಾಲ ಕೊಡುವ ರೂಢಿ ನಮ್ಮ ಹಳ್ಳಿಗಳಲ್ಲಿದೆ. "ನಿಂದು ಮುಗಿದಿದ್ರೆ ನಂದು ಎರಡು ತಗೊಂಡು ಹೋಗಕ್ಕ, ಎರಡೂ ಬಿಪಿದೇ ಅಲ್ವಾ" ಅನ್ನುವ ಮಾತನ್ನು ಸುದ್ದಿಗೆಂದು ಊರೂರು ಅಲೆಯುವ ನಾವು ಎಷ್ಟೋ ಜಗಲಿಗಳ ಮೇಲೆ ಕೇಳಿದ್ದೇವೆ. ಇನ್ನೊಂದು ಮಾತೂ ಅಷ್ಟೇ ಮಾಮೂಲು: "ಈಗ ಆರಾಮಾಗಿದೀನಿ, ಅದಕ್ಕೇ ಮಾತ್ರೆ ಬಿಟ್ಟೆ."

ಎರಡೂ ತಪ್ಪು ಎಂದು ಡಾಕ್ಟರು ಹೇಳುತ್ತಾರೆ. ಯಾಕೆ ತಪ್ಪು ಎಂದು ಬಿಡಿಸಿ ಹೇಳಲು ಹೊರಗೆ ಸಾಲು ನಿಂತಿರುವಾಗ ಅವರಿಗೆ ಪುರುಸೊತ್ತು ಇರುವುದಿಲ್ಲ. ಆ "ಯಾಕೆ"ಗೆ ಉತ್ತರ ಹುಡುಕಲು ಮನುಷ್ಯರಿಗೆ ಹೆಚ್ಚೂ ಕಡಿಮೆ 130 ವರ್ಷ ಹಿಡಿಯಿತು. ಆ ಕಥೆಯನ್ನು ಇಲ್ಲಿ ಹೇಳುತ್ತೇವೆ. ಇದರಲ್ಲಿ ಬೆಕ್ಕಿನ ಜೊಲ್ಲಿದೆ, ಕಪ್ಪೆಯ ಹೃದಯವಿದೆ, ಕಲ್ಕತ್ತೆಯ ಕಾಲರಾ ಇದೆ. ನಮ್ಮ ಬೇಲಿಯಲ್ಲಿ ಬೆಳೆಯುವ ದತ್ತೂರಿಯೂ ಇದೆ.

ಬೆಕ್ಕಿನ ಜೊಲ್ಲಿನಿಂದ ಶುರು

1878. ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಜಾನ್ ಲ್ಯಾಂಗ್ಲಿ ಎಂಬ ಹುಡುಗ ವಿಜ್ಞಾನಿ ಬೆಕ್ಕುಗಳಿಗೆ ಎರಡು ಔಷಧಿ ಕೊಟ್ಟು ನೋಡುತ್ತಿದ್ದ. ಪಿಲೊಕಾರ್ಪಿನ್ ಕೊಟ್ಟರೆ ಜೊಲ್ಲು ಧಾರೆಯಾಗಿ ಸುರಿಯುತ್ತಿತ್ತು. ಅಟ್ರೋಪಿನ್ ಕೊಟ್ಟರೆ ಬಾಯಿ ಒಣಗುತ್ತಿತ್ತು. ಮತ್ತೆ ಹೆಚ್ಚು ಪಿಲೊಕಾರ್ಪಿನ್ ಕೊಟ್ಟರೆ ಜೊಲ್ಲು ಮರಳಿ ಬರುತ್ತಿತ್ತು. ಎರಡೂ ಒಂದೇ ಕುರ್ಚಿಗಾಗಿ ನೂಕಾಡುತ್ತಿರುವಂತೆ ಅವನಿಗೆ ಕಂಡಿತು. ಯಾವುದರ ಸಂಖ್ಯೆ ಹೆಚ್ಚೋ ಅದಕ್ಕೆ ಕುರ್ಚಿ.

1905ರಲ್ಲಿ, ಕೋಳಿಯ ಸ್ನಾಯುಗಳ ಮೇಲೆ ಇಂಥದ್ದೇ ಪ್ರಯೋಗ ಮಾಡಿದ ಮೇಲೆ, ಲ್ಯಾಂಗ್ಲಿ ಆ ಕುರ್ಚಿಗೊಂದು ಹೆಸರಿಟ್ಟ. ಔಷಧಿಯನ್ನು ಬರಮಾಡಿಕೊಳ್ಳುವ ಒಂದು ವಸ್ತು ಜೀವಕೋಶದಲ್ಲಿದೆ ಎಂದ. ಅದೇ ಹೊತ್ತಿನಲ್ಲಿ ಜರ್ಮನಿಯ ಪಾಲ್ ಎರ್ಲಿಕ್ ಬಳಸುತ್ತಿದ್ದ ಪದ ಮುಂದೆ ಎಲ್ಲೆಡೆ ನಿಂತಿತು: ರಿಸೆಪ್ಟರ್. ಕನ್ನಡದ ಪಠ್ಯಪುಸ್ತಕದಲ್ಲಿ ಇದಕ್ಕೆ "ಗ್ರಾಹಕ" ಎನ್ನುತ್ತಾರೆ. ಅಂಗಡಿಗೆ ಬರುವ ಗಿರಾಕಿ ನೆನಪಾಗುವುದರಿಂದ ನಾವು ರಿಸೆಪ್ಟರ್ ಎಂದೇ ಬರೆಯುತ್ತೇವೆ.

1921ರಲ್ಲಿ ಆಸ್ಟ್ರಿಯಾದ ಓಟ್ಟೊ ಲೋವಿ ಮುಂದಿನ ಹೆಜ್ಜೆ ಇಟ್ಟರು. ರಾತ್ರಿ ಕನಸಿನಲ್ಲಿ ಒಂದು ಪ್ರಯೋಗ ಹೊಳೆಯಿತಂತೆ. ಎದ್ದು ಚೀಟಿಯಲ್ಲಿ ಗೀಚಿ ಮಲಗಿದರು. ಬೆಳಿಗ್ಗೆ ನೋಡಿದರೆ ತಮ್ಮ ಅಕ್ಷರ ತಮಗೇ ಓದಲಾಗಲಿಲ್ಲ. ಮರುರಾತ್ರಿ ಅದೇ ಕನಸು. ಈ ಸಲ ಬರೆಯುತ್ತ ಕೂರದೆ ನೇರ ಲ್ಯಾಬಿಗೆ ಹೋದರು. ಒಂದು ಕಪ್ಪೆಯ ಹೃದಯವನ್ನು ನರದ ಮೂಲಕ ನಿಧಾನ ಮಾಡಿ, ಅದರ ಸುತ್ತಲಿದ್ದ ದ್ರವವನ್ನು ಇನ್ನೊಂದು ಕಪ್ಪೆಯ ಹೃದಯಕ್ಕೆ ಹಾಕಿದರು. ಎರಡನೆಯದೂ ನಿಧಾನವಾಯಿತು. ನರವು ಹೃದಯಕ್ಕೆ ಮಾತು ತಲುಪಿಸುವುದು ರಾಸಾಯನಿಕದ ಮೂಲಕ ಎಂದು ಗೊತ್ತಾಯಿತು. ಇದಕ್ಕೆ 1936ರ ನೊಬೆಲ್ ಪಾಲು ಸಿಕ್ಕಿತು.

ಬೋರ್‌ವೆಲ್ಲಿನ ಮೊಬೈಲ್ ಸ್ಟಾರ್ಟರ್

ಇನ್ನು ಮುಂದಿನದು ಅರ್ಥವಾಗಲು ನಿಮ್ಮ ಹೊಲದ ಮೊಬೈಲ್ ಸ್ಟಾರ್ಟರ್ ನೆನಪು ಮಾಡಿಕೊಳ್ಳಿ. ಕರೆಂಟು ಬಂತೆಂದರೆ ನೀವು ಮನೆಯಲ್ಲೇ ಕೂತು ಕಾಲ್ ಮಾಡುತ್ತೀರಿ. ಹೊಲದ ಪೆಟ್ಟಿಗೆಯಲ್ಲಿರುವ ಸಿಮ್ ಆ ಕಾಲ್ ಹಿಡಿಯುತ್ತದೆ. ಒಳಗಿನ ರಿಲೇ ಟಕ್ ಎನ್ನುತ್ತದೆ. ಮೋಟಾರಿಗೆ ಕರೆಂಟು ಹರಿದು ನೀರು ಬರುತ್ತದೆ. ನೀವು ಹೊಲಕ್ಕೆ ಕಾಲೇ ಇಟ್ಟಿಲ್ಲ.

ನಮ್ಮ ಜೀವಕೋಶದಲ್ಲಿ ನಡೆಯುವುದೂ ಹೀಗೇ. ಗದ್ದೆಯಲ್ಲಿ ಹಾವು ಕಂಡರೆ ಅಡ್ರಿನಲಿನ್ ಎಂಬ ಹಾರ್ಮೋನು ರಕ್ತಕ್ಕೆ ನುಗ್ಗುತ್ತದೆ. ಅದು ಹೃದಯದ ಜೀವಕೋಶದ ಒಳಗೆ ಹೋಗುವುದೇ ಇಲ್ಲ. ಹೊರಗಿನ ಪೊರೆಯಲ್ಲಿರುವ ರಿಸೆಪ್ಟರ್ ಅದನ್ನು ಹಿಡಿಯುತ್ತದೆ. ಅದು ನಮ್ಮ ಸಿಮ್. ಪೊರೆಯ ಒಳಮಗ್ಗುಲಲ್ಲಿ ಜಿ-ಪ್ರೋಟೀನ್ ಕಾದಿರುತ್ತದೆ. ಅದು ರಿಲೇ. ಅದು ಟಕ್ ಎಂದರೆ ಒಳಗೆ ಸೈಕ್ಲಿಕ್ ಎಎಂಪಿ ಎಂಬ ಚಿಕ್ಕ ಅಣು ತಯಾರಾಗುತ್ತದೆ. ಅದು ಮೋಟಾರಿಗೆ ಹರಿಯುವ ಕರೆಂಟು. ಎದೆ ಢವಢವ ಅನ್ನುತ್ತದೆ.

ಈ ಸರಪಳಿಯ ಒಂದೊಂದು ಕೊಂಡಿಗೂ ಒಬ್ಬೊಬ್ಬರ ಆಯಸ್ಸು ಸವೆದಿದೆ. ಸೈಕ್ಲಿಕ್ ಎಎಂಪಿ ಕಂಡುಹಿಡಿದ ಅಮೆರಿಕದ ಅರ್ಲ್ ಸದರ್‌ಲ್ಯಾಂಡ್‌ಗೆ 1971ರಲ್ಲಿ ನೊಬೆಲ್. ಜಿ-ಪ್ರೋಟೀನ್ ಕಂಡುಹಿಡಿದ ಆಲ್ಫ್ರೆಡ್ ಗಿಲ್ಮನ್ ಮತ್ತು ಮಾರ್ಟಿನ್ ರಾಡ್‌ಬೆಲ್‌ಗೆ 1994ರಲ್ಲಿ. ಹೀಗೆ ಜಿ-ಪ್ರೋಟೀನಿನ ಜೊತೆ ಜೋಡಿಯಾಗಿ ಕೆಲಸ ಮಾಡುವ ರಿಸೆಪ್ಟರ್‌ಗಳಿಗೆ ಇಂಗ್ಲಿಷಿನ ಚಿಕ್ಕ ಹೆಸರು ಜಿಪಿಸಿಆರ್.

ಹೃದಯಕ್ಕೊಂದು ನಂಬರು, ಶ್ವಾಸಕೋಶಕ್ಕೊಂದು

ಅಡ್ರಿನಲಿನ್ ಒಂದೇ. ಆದರೆ ಅದು ಕೆಲವು ರಕ್ತನಾಳಗಳನ್ನು ಬಿಗಿ ಮಾಡುತ್ತದೆ, ಕೆಲವನ್ನು ಸಡಿಲಿಸುತ್ತದೆ. ಹೇಗೆ? 1948ರಲ್ಲಿ ಅಮೆರಿಕದ ರೇಮಂಡ್ ಆಲ್ಕ್ವಿಸ್ಟ್ ಇದಕ್ಕೆ ಸರಳ ಉತ್ತರ ಕೊಟ್ಟರು. ರಿಸೆಪ್ಟರ್‌ನಲ್ಲೇ ಎರಡು ಜಾತಿ ಇದೆ: ಆಲ್ಫಾ ಮತ್ತು ಬೀಟಾ. ಬಹಳ ಜನ ಈ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಕಿವಿಗೆ ಹಾಕಿಕೊಂಡವರು ಸ್ಕಾಟ್ಲೆಂಡಿನ ಜೇಮ್ಸ್ ಬ್ಲ್ಯಾಕ್. ಆ ಕಾಲದಲ್ಲಿ ಎದೆನೋವಿನ ರೋಗಿಗೆ ಹೃದಯಕ್ಕೆ ಹೆಚ್ಚು ರಕ್ತ ಹರಿಸುವುದು ಹೇಗೆ ಎಂದು ಎಲ್ಲರೂ ತಲೆ ಕೆಡಿಸಿಕೊಂಡಿದ್ದರು. ಬ್ಲ್ಯಾಕ್ ತಿರುಗಿ ಯೋಚಿಸಿದರು. ಕೆರೆಗೆ ಹೆಚ್ಚು ನೀರು ತರಲಾಗದಿದ್ದರೆ ಖರ್ಚು ಕಡಿಮೆ ಮಾಡಬಾರದೇಕೆ? ಅಡ್ರಿನಲಿನ್‌ನ ಕಾಲ್ ಹೃದಯಕ್ಕೆ ತಲುಪದಂತೆ ಲೈನ್ ಬ್ಯುಸಿ ಮಾಡಿಟ್ಟರೆ ಹೃದಯ ನಿಧಾನ ಬಡಿಯುತ್ತದೆ, ಕಡಿಮೆ ಆಮ್ಲಜನಕ ಬೇಡುತ್ತದೆ. 1960ರ ದಶಕದ ನಡುವೆ ಬಂದ ಪ್ರೊಪ್ರನೊಲಾಲ್ ಹೀಗೆ ಹುಟ್ಟಿತು. ಇಂದಿನ ಅಟೆನೊಲಾಲ್, ಮೆಟೊಪ್ರೊಲಾಲ್ ಅದರ ತಮ್ಮಂದಿರು. ಇವುಗಳಿಗೆಲ್ಲ ಬೀಟಾ ಬ್ಲಾಕರ್ ಎಂದು ಹೆಸರು.

ಅದೇ ಬ್ಲ್ಯಾಕ್ ಮುಂದೆ ಹೊಟ್ಟೆಯ ಆಮ್ಲ ಹೆಚ್ಚಿಸುವ ಇನ್ನೊಂದು ರಿಸೆಪ್ಟರಿಗೂ ಹೀಗೇ ಲೈನ್ ಬ್ಯುಸಿ ಮಾಡಿದರು. 1976ರಲ್ಲಿ ಬ್ರಿಟನ್ನಿನಲ್ಲಿ ಸಿಮೆಟಿಡಿನ್ ಮಾತ್ರೆ ಬಂತು. ಹೊಟ್ಟೆಹುಣ್ಣಿಗೆ ಆಪರೇಷನ್ ಮಾಡಿಸಿಕೊಳ್ಳಬೇಕಿದ್ದ ಎಷ್ಟೋ ಜನ ಮಾತ್ರೆಯಲ್ಲೇ ಗುಣವಾದರು. 1988ರ ನೊಬೆಲ್‌ನಲ್ಲಿ ಬ್ಲ್ಯಾಕ್‌ಗೂ ಪಾಲು ಬಂತು.

1967ರಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಬೀಟಾದಲ್ಲೂ ಎರಡಿದೆ. ಹೃದಯದಲ್ಲಿ ಹೆಚ್ಚಾಗಿರುವುದು ಬೀಟಾ-1. ಶ್ವಾಸಕೋಶದ ಕೊಳವೆಗಳಲ್ಲಿರುವುದು ಬೀಟಾ-2. ಎರಡೇ ವರ್ಷದಲ್ಲಿ ಬೀಟಾ-2ಕ್ಕೆ ಮಾತ್ರ ಕಾಲ್ ಮಾಡುವ ಸಾಲ್ಬುಟಮಾಲ್ ಬಂತು. ಉಬ್ಬಸದವರು ಎಳೆದುಕೊಳ್ಳುವ ಪಂಪಿನಲ್ಲಿರುವುದು ಇದೇ. ಕೊಳವೆ ಬಿಗಿದುಕೊಂಡಾಗ ಬೀಟಾ-2ಕ್ಕೆ ಕಾಲ್ ಹೋಗುತ್ತದೆ, ಕೊಳವೆ ಸಡಿಲವಾಗುತ್ತದೆ, ಉಸಿರು ಬರುತ್ತದೆ.

ಈಗ ಯೋಚಿಸಿ. ಪಕ್ಕದ ಮನೆಯವರ ಬಿಪಿ ಮಾತ್ರೆ ಬೀಟಾ ಬ್ಲಾಕರ್. ಅದನ್ನು ನುಂಗುವವರಿಗೆ ಉಬ್ಬಸ ಇದೆ. ಕೆಲವು ಬೀಟಾ ಬ್ಲಾಕರ್‌ಗಳು ಹೃದಯದ ಲೈನಿನ ಜೊತೆ ಶ್ವಾಸಕೋಶದ ಲೈನನ್ನೂ ಬ್ಯುಸಿ ಮಾಡುತ್ತವೆ. ಆಗ ಕೊಳವೆ ಬಿಗಿದು ಉಸಿರೇ ಕಟ್ಟಬಹುದು, ಪಂಪು ಎಳೆದರೂ ಸರಿಯಾಗಿ ಕೆಲಸ ಮಾಡದೆ ಹೋಗಬಹುದು. ಕಣ್ಣಿನ ಒತ್ತಡಕ್ಕೆ ಹಾಕುವ ಟಿಮೊಲಾಲ್ ಡ್ರಾಪ್ಸ್ ಕೂಡ ಇದೇ ಜಾತಿಯದು. ಹನಿ ಬೀಳುವುದು ಕಣ್ಣಿಗಾದರೂ ಅದರ ಬಿಸಿ ಎದೆಗೆ ತಟ್ಟಬಹುದು.

ಇನ್ನೊಂದು ಬಿಪಿ ಮಾತ್ರೆ ಟೆಲ್ಮಿಸಾರ್ಟನ್. ಇದು ಮುಚ್ಚುವುದು ಆಂಜಿಯೊಟೆನ್ಸಿನ್ ಎಂಬ ಬೇರೆಯದೇ ಹಾರ್ಮೋನಿನ ರಿಸೆಪ್ಟರನ್ನು. ಗರ್ಭಿಣಿಯರು ಇದನ್ನು ನುಂಗಿದರೆ ಹೊಟ್ಟೆಯಲ್ಲಿರುವ ಮಗುವಿನ ಕಿಡ್ನಿಗೆ ಏಟು ಬೀಳಬಹುದು. ಹೆರಿಗೆಗೆ ತವರಿಗೆ ಬಂದ ಮಗಳಿಗೆ "ತಲೆ ಸುತ್ತುತ್ತಾ, ಬಿಪಿ ಇರಬೇಕು, ನಂದೇ ಒಂದು ನುಂಗು" ಎಂದು ಅವ್ವ ಕೊಡುವ ಮಾತ್ರೆ ಇದೇ ಆಗಿದ್ದರೆ? ಅಮ್ಲೊಡಿಪಿನ್‌ನದ್ದು ಇನ್ನೊಂದು ದಾರಿ, ಅದು ಈ ರಿಸೆಪ್ಟರ್‌ಗಳ ತಂಟೆಗೇ ಬರುವುದಿಲ್ಲ. ಮೂರೂ ಬಿಪಿ ಮಾತ್ರೆಯೇ. ಮೂರರ ಬಾಗಿಲೂ ಬೇರೆ ಬೇರೆ.

ಮಾತ್ರೆ ಬಿಟ್ಟರೆ ಏನಾಗುತ್ತದೆ?

1970ರ ಹೊತ್ತಿಗೂ ರಿಸೆಪ್ಟರ್ ಎನ್ನುವುದು ನಿಜವಾದ ವಸ್ತುವೇ, ಬರೀ ಊಹೆಯೇ ಎಂಬ ಅನುಮಾನ ಹಲವರಿಗಿತ್ತು. ಅಮೆರಿಕದ ರಾಬರ್ಟ್ ಲೆಫ್ಕೊವಿಟ್ಜ್ ಎಂಬ ಹೃದಯದ ಡಾಕ್ಟರು ಹಾರ್ಮೋನಿಗೆ ವಿಕಿರಣ ಸೂಸುವ ಅಯೋಡಿನ್ ಅಂಟಿಸಿ, ಅದು ಎಲ್ಲಿ ಹೋಗಿ ಕೂರುತ್ತದೆ ಎಂದು ಬೆನ್ನಟ್ಟಿದರು. ರಿಸೆಪ್ಟರ್‌ಗಳನ್ನು ಹೀಗೆ ಗುರುತಿಸಿ ಎಣಿಸಲೂ ಸಾಧ್ಯವಾಯಿತು.

ಎಣಿಸಿದಾಗ ಒಂದು ವಿಚಿತ್ರ ಕಂಡಿತು. ರಿಸೆಪ್ಟರ್‌ಗಳ ಸಂಖ್ಯೆ ಒಂದೇ ಸಮ ಇರುವುದಿಲ್ಲ. ಕಾಲ್ ಮೇಲೆ ಕಾಲ್ ಬಂದರೆ ಜೀವಕೋಶ ಬೇಸತ್ತು ರಿಸೆಪ್ಟರ್‌ಗಳನ್ನು ಒಳಗೆ ಎಳೆದುಕೊಳ್ಳುತ್ತದೆ. ಬಹಳ ದಿನ ಕಾಲೇ ಬರದಿದ್ದರೆ ಇನ್ನಷ್ಟು ರಿಸೆಪ್ಟರ್ ಮಾಡಿ ಹೊರಗೆ ಇಡುತ್ತದೆ. ಬೀಟಾ ಬ್ಲಾಕರ್ ನುಂಗುವವರ ಹೃದಯದಲ್ಲಿ ಆಗುವುದು ಈ ಎರಡನೆಯದು. ತಿಂಗಳುಗಟ್ಟಲೆ ನುಂಗಿ ಒಂದು ದಿನ ತಟಕ್ಕನೆ ಬಿಟ್ಟರೆ, ಹೆಚ್ಚಾಗಿ ನಿಂತಿರುವ ಆ ಎಲ್ಲ ರಿಸೆಪ್ಟರ್‌ಗಳ ಮೇಲೂ ಅಡ್ರಿನಲಿನ್ ಒಮ್ಮೆಗೇ ಬಂದು ಬೀಳುತ್ತದೆ. ಎದೆ ಬಡಿತ ಏರುತ್ತದೆ, ಬಿಪಿ ಏರುತ್ತದೆ. ಹೃದಯದ ತೊಂದರೆ ಇರುವವರಿಗೆ ಹೃದಯಾಘಾತವೇ ಆಗಬಹುದು. "ಆರಾಮಾಗಿದೀನಿ" ಎಂದು ಬಿಡುವುದು ಅಪಾಯ ಎನ್ನುವುದಕ್ಕೆ ಕಾರಣ ಇದು. ಬಿಡಲೇಬೇಕಿದ್ದರೆ ಡಾಕ್ಟರು ಡೋಸನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತಾರೆ.

ಪಂಪಿನ ವಿಷಯದಲ್ಲಿ ಮೊದಲನೆಯದು ಆಗುತ್ತದೆ. ಸಾಲ್ಬುಟಮಾಲ್ ಪಂಪು ಮತ್ತೆ ಮತ್ತೆ ಬೇಕಾಗುತ್ತಿದೆ ಎಂದರೆ ಅದು ಚಟವಲ್ಲ, ಉಬ್ಬಸ ಹತೋಟಿ ತಪ್ಪಿದೆ ಎಂದರ್ಥ. ಒಳಗಿನ ಊತ ಇಳಿಸುವ ಬೇರೆ ಪಂಪು ಬೇಕು ಎಂದು ಡಾಕ್ಟರಿಗೆ ತೋರಿಸಬೇಕು.

ರಿಲೇ ಅಂಟಿಕೊಂಡರೆ ಕಾಲರಾ

ಔಷಧಿ ಮಾತ್ರವಲ್ಲ, ರೋಗವೂ ಈ ಸ್ಟಾರ್ಟರ್ ಪೆಟ್ಟಿಗೆಗೆ ಕೈ ಹಾಕುತ್ತದೆ. ಊರೂರನ್ನೇ ಬರಿದು ಮಾಡಿದ ಕಾಲರಾ ಇದಕ್ಕೆ ಸಾಕ್ಷಿ. ಕಾಲರಾ ರೋಗಾಣು ಕರುಳಿನಲ್ಲಿ ಒಂದು ವಿಷ ಬಿಡುತ್ತದೆ ಎಂದು 1959ರಲ್ಲಿ ತೋರಿಸಿದವರು ಕಲ್ಕತ್ತೆಯ ಡಾ. ಶಂಭುನಾಥ್ ದೇ. ದೊಡ್ಡ ಲ್ಯಾಬಿಲ್ಲ, ಮೊಲದ ಕರುಳಿನ ತುಂಡೇ ಅವರ ಪ್ರಯೋಗಶಾಲೆ. ಆ ವಿಷ ಮಾಡುವುದೇನೆಂದು ಆಮೇಲೆ ತಿಳಿಯಿತು: ಅದು ರಿಸೆಪ್ಟರನ್ನು ಮುಟ್ಟುವುದಿಲ್ಲ, ನೇರ ಜಿ-ಪ್ರೋಟೀನನ್ನೇ ಹಿಡಿದು "ಆನ್" ಆಗಿಯೇ ಇರುವಂತೆ ಮಾಡುತ್ತದೆ. ರಿಲೇ ಅಂಟಿಕೊಂಡ ಮೋಟಾರು ಬಾವಿ ಬತ್ತುವವರೆಗೂ ಓಡಿದ ಹಾಗೆ, ಕರುಳು ಮೈಯ ನೀರನ್ನೆಲ್ಲ ಹೊರಗೆ ಸುರಿಯುತ್ತದೆ.

ಆದರೆ ಕರುಳಿನಲ್ಲಿ ಇನ್ನೊಂದು ದಾರಿ ತೆರೆದೇ ಇರುತ್ತದೆ. ಸಕ್ಕರೆ ಮತ್ತು ಉಪ್ಪು ಜೊತೆಯಾಗಿ ಬಂದರೆ ಕರುಳು ಅವನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಹಿಂದೆಯೇ ನೀರೂ ಹೋಗುತ್ತದೆ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಡ್ರಿಪ್ ಬಾಟಲಿ ಮುಗಿದಾಗ ಡಾ. ದಿಲೀಪ್ ಮಹಲನಬೀಸ್ ಈ ನೀರನ್ನೇ ಕುಡಿಸಿದರು. ಶೇ 30ರ ಸುಮಾರಿಗಿದ್ದ ಸಾವು ಶೇ 4ಕ್ಕಿಂತ ಕೆಳಗಿಳಿಯಿತು. ಇಂದು ಆಶಾ ಕಾರ್ಯಕರ್ತೆಯ ಚೀಲದಲ್ಲಿರುವ ಓಆರ್‌ಎಸ್ ಪೊಟ್ಟಣದ ಹಿಂದೆ ಈ ಕಥೆ ಇದೆ.

ಬೇಲಿಯ ದತ್ತೂರಿ, ವಾರ್ಡಿನ ಅಟ್ರೋಪಿನ್

ಹೊಲಕ್ಕೆ ಹೊಡೆಯುವ ಕೆಲವು ಕೀಟನಾಶಕಗಳು ಆರ್ಗನೊಫಾಸ್ಫೇಟ್ ಜಾತಿಯವು. ಮೂಗು ಬಾಯಿ ಕಟ್ಟಿಕೊಳ್ಳದೆ, ಬರಿಮೈಯಲ್ಲಿ ಹೊಡೆದರೆ ಅವು ಮೈಗೆ ಇಳಿಯುತ್ತವೆ. ಆಗ ನರಗಳು ಬಿಡುವ ಅಸಿಟೈಲ್‌ಕೊಲೀನ್ ಕರಗದೆ ರಾಶಿ ಬೀಳುತ್ತದೆ. ಲೋವಿಯ ಕಪ್ಪೆಯ ಹೃದಯವನ್ನು ನಿಧಾನ ಮಾಡಿದ್ದು ಇದೇ ರಾಸಾಯನಿಕ. ಬಾಯಲ್ಲಿ ಜೊಲ್ಲು ಸುರಿಯುತ್ತದೆ, ಕಣ್ಣಪಾಪೆ ಚಿಕ್ಕದಾಗುತ್ತದೆ, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಚುಚ್ಚುವುದು ಅಟ್ರೋಪಿನ್. ಎದೆ ಒಣಗುವವರೆಗೂ ಚುಚ್ಚುತ್ತಾರೆ. 1878ರ ಬೆಕ್ಕಿನ ಜೊಲ್ಲು ನಿಲ್ಲಿಸಿದ ಅದೇ ಔಷಧಿ, ಅದೇ ಜಾತಿಯ ರಿಸೆಪ್ಟರಿನಲ್ಲಿ ಕೂತು, ಇಂದು ರೈತನ ಜೀವ ಉಳಿಸುತ್ತದೆ.

ಅಟ್ರೋಪಿನ್ ಮತ್ತು ಅದರ ಬಳಗ ನಮ್ಮ ದತ್ತೂರಿಯಲ್ಲೂ ಇವೆ. ಹಾಗಂತ ಯಾರೂ ದತ್ತೂರಿ ಅರೆದು ಕುಡಿಸಲು ಹೋಗಬೇಡಿ. ಒಂದು ಗಿಡದಲ್ಲಿ ಎಷ್ಟಿದೆ ಎಂದು ಅಳೆಯಲಾಗದು, ಅದೇ ವಿಷವಾಗಿ ಕೊಲ್ಲುತ್ತದೆ. ಎಣ್ಣೆ ಹೊಡೆದು ಬಂದವರಿಗೆ ಜೊಲ್ಲು, ವಾಂತಿ, ಮಂಪರು ಕಂಡರೆ ಬಟ್ಟೆ ಬಿಚ್ಚಿಸಿ, ಸೋಪು ನೀರಿನಲ್ಲಿ ಮೈ ತೊಳೆದು, ಔಷಧಿಯ ಡಬ್ಬಿಯ ಸಮೇತ ಆಸ್ಪತ್ರೆಗೆ ಓಡಿ. 108ಕ್ಕೆ ಫೋನ್ ಮಾಡಿ.

ಕೊನೆಗೂ ಮುಖ ಕಂಡಿತು

1986ರಲ್ಲಿ ಲೆಫ್ಕೊವಿಟ್ಜ್ ತಂಡ ಬೀಟಾ-2ರ ಜೀನ್ ಓದಿತು. ಆ ತಂಡದಲ್ಲಿ ಬ್ರಯಾನ್ ಕೊಬಿಲ್ಕಾ ಎಂಬ ಬೇಕರಿಯವರ ಮನೆಯ ಹುಡುಗನಿದ್ದ. ಅವರಿಗೆ ಬೆರಗಾಯಿತು: ಈ ರಿಸೆಪ್ಟರ್ ನಮ್ಮ ಕಣ್ಣಿನಲ್ಲಿ ಬೆಳಕು ಹಿಡಿಯುವ ರೊಡಾಪ್ಸಿನ್ ತರಹವೇ ಇತ್ತು. ದಾರದಂತೆ ಪೊರೆಯನ್ನು ಏಳು ಸಲ ಹೊಲಿದುಕೊಂಡು ಕೂತಿತ್ತು. ಇದೊಂದು ದೊಡ್ಡ ಕುಟುಂಬ ಎಂದು ಆಗ ಹೊಳೆಯಿತು. 1991ರಲ್ಲಿ ಲಿಂಡಾ ಬಕ್, ರಿಚರ್ಡ್ ಆಕ್ಸೆಲ್ ವಾಸನೆ ಹಿಡಿಯುವ ರಿಸೆಪ್ಟರ್‌ಗಳೂ ಇದೇ ಮನೆತನ ಎಂದರು. ಮನುಷ್ಯರಲ್ಲಿ ಈ ಕುಟುಂಬದ ಸುಮಾರು 800 ಜೀನ್‌ಗಳಿವೆ. ಮಲ್ಲಿಗೆಯ ಘಮ, ದೀಪದ ಬೆಳಕು, ಹಾಗಲಕಾಯಿಯ ಕಹಿ, ಹಾವು ಕಂಡ ದಿಗಿಲು ಎಲ್ಲ ಇವುಗಳ ಮೂಲಕವೇ. ಇಂದು ಬಳಕೆಯಲ್ಲಿರುವ ಔಷಧಿಗಳಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಪಾಲು ಕೆಲಸ ಮಾಡುವುದೂ ಇವುಗಳ ಮೇಲೆಯೇ.

2011ರಲ್ಲಿ ಕೊಬಿಲ್ಕಾ ತಂಡ, ರಿಸೆಪ್ಟರ್ ಜಿ-ಪ್ರೋಟೀನನ್ನು ಹಿಡಿದ ಆ ಕ್ಷಣದ ರಚನೆಯನ್ನೇ ತೋರಿಸಿತು. ಮರುವರ್ಷ ಲೆಫ್ಕೊವಿಟ್ಜ್ ಮತ್ತು ಕೊಬಿಲ್ಕಾಗೆ ನೊಬೆಲ್.

ಇಷ್ಟು ಕಥೆಯಿಂದ ನಾವು ಕಟ್ಟಿಕೊಳ್ಳಬೇಕಾದ ಬುತ್ತಿ ಚಿಕ್ಕದು. ಒಬ್ಬರ ಮಾತ್ರೆ ಇನ್ನೊಬ್ಬರಿಗೆ ಬೇಡ. ಬಿಪಿ ಮಾತ್ರೆಯನ್ನು ತಾವಾಗಿ ನಿಲ್ಲಿಸುವುದು ಬೇಡ. ಉಬ್ಬಸ ಇದ್ದರೆ, ಗರ್ಭಿಣಿಯಾಗಿದ್ದರೆ ಡಾಕ್ಟರು ಕೇಳದಿದ್ದರೂ ನೀವೇ ಹೇಳಿ. ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಮನೆಯಲ್ಲಿ ನುಂಗುತ್ತಿರುವ ಎಲ್ಲ ಮಾತ್ರೆಯ ಪಟ್ಟಿಗಳನ್ನೂ, ಕಣ್ಣಿನ ಡ್ರಾಪ್ಸನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ, ಡಾಕ್ಟರ ಮೇಜಿನ ಮೇಲೆ ಸುರಿಯಿರಿ.