ಬಿಡಿಭಾಗದ ಅಳತೆ ಮತ್ತು ಊರಿನ ಸೈಕಲ್ ಶಾಪು: ಎರ್ಮಾಳ್ ಪರಿಸರವನ್ನು ಮುಂದಿಟ್ಟುಕೊಂಡು ಒಂದು ವಿವೇಚನೆ

ಪಡುಬಿದ್ರಿಗೂ ಉಚ್ಚಿಲಕ್ಕೂ ನಡುವೆ, ರಾಷ್ಟ್ರೀಯ ಹೆದ್ದಾರಿ 66ರ ಬದಿಯಲ್ಲಿರುವ ಎರ್ಮಾಳ್ ಕಡಲಿಗೆ ತೀರ ಹತ್ತಿರದ ಊರು. ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ, ಅದರ ಮೇಲೆ ಹನ್ನೆರಡು ತಿಂಗಳೂ ಉಪ್ಪುಗಾಳಿ. ಇಂಥ ಕಡೆ ಸೈಕಲ್ಲಿನ ಯಾವ ಭಾಗವೂ ತುಕ್ಕಿನಿಂದ ಬಹುಕಾಲ ತಪ್ಪಿಸಿಕೊಳ್ಳುವುದಿಲ್ಲ. ಹೋದ ಭಾಗಕ್ಕೆ ಬದಲಿ ಹತ್ತಿರದ ಶಾಪಿನಲ್ಲೇ ಸಿಕ್ಕಿದರೆ ಸೈಕಲ್ ಮತ್ತೆ ಹತ್ತು ವರ್ಷ ಓಡುತ್ತದೆ. ಸಿಗದಿದ್ದರೆ ಗುಜರಿಗೆ ಹೋಗುತ್ತದೆ. ಬಿಡಿಭಾಗಗಳ ಪ್ರಮಾಣೀಕರಣವನ್ನು ಅಳೆಯಬೇಕಾದದ್ದು ಇಲ್ಲಿ, ಊರಿನ ಶಾಪಿನ ಡಬ್ಬಗಳಲ್ಲಿ ಎಂಬುದು ಈ ಲೇಖನದ ವಾದ.

ನಮ್ಮ ಕರಿ ಸೈಕಲ್ಲಿನ ಅಳತೆಗಳೆಲ್ಲ ಬಹುಮಟ್ಟಿಗೆ ಇಂಗ್ಲೆಂಡಿನ ಇಂಚಿನವು. ಜಾನ್ ಕೆಂಪ್ ಸ್ಟಾರ್ಲಿ 1885ರಲ್ಲಿ ಕೊವೆಂಟ್ರಿಯಲ್ಲಿ ತಯಾರಿಸಿದ ರೋವರ್, ಸೈಕಲ್ಲಿನ ಆಕಾರವನ್ನು ಗಟ್ಟಿ ಮಾಡಿತು. ಥ್ರೆಡ್, ಚೈನ್, ಬೇರಿಂಗ್ ಗುಂಡುಗಳ ಅಳತೆ ಮುಂದಿನ ಕೆಲವು ದಶಕಗಳಲ್ಲಿ ನೆಲೆಗೊಂಡಿತು. ಮದರಾಸಿನಲ್ಲಿ 1949ರಲ್ಲಿ ಟಿ.ಐ. ಸೈಕಲ್ಸ್, ಸೋನಿಪತ್‌ನಲ್ಲಿ 1951ರಲ್ಲಿ ಅಟ್ಲಾಸ್, ಲುಧಿಯಾನದಲ್ಲಿ 1956ರಲ್ಲಿ ಹೀರೊ ಶುರುವಾದಾಗ ಈ ಅಳತೆಗಳು ಇಲ್ಲಿ ಆಗಲೇ ಬೇರೂರಿದ್ದವು. ಹೀರೊ ಕಟ್ಟಿದ ಮುಂಜಾಲ್ ಸಹೋದರರು 1944ರಲ್ಲಿ ಅಮೃತಸರದಲ್ಲಿ ಬಿಡಿಭಾಗದ ವ್ಯಾಪಾರದಿಂದ ಆರಂಭಿಸಿದವರು. ಇದು ಗಮನಿಸಬೇಕಾದ ಸಂಗತಿ. ಬಿಡಿಭಾಗ ಮಾರುವವನಿಗೆ ಗಿರಾಕಿಯ ಸೈಕಲ್ ಯಾವ ಕಂಪನಿಯದೆಂಬುದು ಮುಖ್ಯವಾಗದು. ಎಲ್ಲದಕ್ಕೂ ಕೂರುವ ಮಾಲು ಅವನಿಗೆ ಬೇಕು. ಭಾರತದ ಸೈಕಲ್ ಅಳತೆಗಳು ಇಷ್ಟು ಕಾಲ ಅಲುಗದೆ ಉಳಿದಿರುವುದಕ್ಕೆ ಸರ್ಕಾರಿ ಮುದ್ರೆಗಿಂತ ಈ ವ್ಯಾಪಾರದ ಒತ್ತಡವೇ ದೊಡ್ಡ ಕಾರಣವೆಂದು ನನ್ನ ಅಭಿಪ್ರಾಯ.

ಹಿಂದಿನ ಚಕ್ರವೊಂದನ್ನು ಬಿಚ್ಚಿದರೆ ಈ ಅಳತೆಗಳ ಏಕರೂಪತೆ ಕಣ್ಣಿಗೇ ಕಾಣುತ್ತದೆ. ಮೇಲಿನ ಗ್ರೀಸ್ ಮಳೆನೀರು ಸೇರಿ ಬೆಳ್ಳಗೆ ನೊರೆಗಟ್ಟಿರುತ್ತದೆ; ಒರೆಸಿದರೆ ಒಂದೊಂದು ಬದಿಯಲ್ಲಿ ಕಾಲಿಂಚಿನ, ಅಂದರೆ 6.35 ಮಿ.ಮೀ.ನ ಒಂಬತ್ತು ಗುಂಡುಗಳು. ಮುಂದಿನ ಚಕ್ರದಲ್ಲಿ ಬದಿಗೆ ಹತ್ತು, ಅಳತೆ 3/16 ಇಂಚು. ಪೆಡಲ್ ತಿರುಗುವ ಬಿ.ಬಿ.ಯಲ್ಲಿ (ಬಾಟಮ್ ಬ್ರಾಕೆಟ್) ಮತ್ತೆ ಕಾಲಿಂಚಿನವು, ಬದಿಗೆ ಹನ್ನೊಂದು. ಚೈನಿನ ಕೊಂಡಿಯಿಂದ ಕೊಂಡಿಗೆ ಅರ್ಧ ಇಂಚು. ಪೆಡಲಿನ ಥ್ರೆಡ್ 9/16 ಇಂಚು, ಎಡದ್ದು ಮಾತ್ರ ಉಲ್ಟಾ. ಗುಂಡಿನ ಎರಡು ಡಬ್ಬ, ಒಂದು ಸುರುಳಿ ಚೈನು, ಕೆಲವು ಜೊತೆ ಪೆಡಲ್ ಇಟ್ಟುಕೊಂಡವನು ಊರಿಗೆ ಬರುವ ಹೆಚ್ಚಿನ ಕರಿ ಸೈಕಲ್ಲುಗಳನ್ನು ಸಂಭಾಳಿಸಬಲ್ಲ. ಸಣ್ಣ ಬಂಡವಾಳದ ಶಾಪು ಬದುಕಿರುವುದೇ ಇದರಿಂದ.

ಆದರೆ ಈ ಹೊಂದಾಣಿಕೆ ಪೂರ್ಣವಲ್ಲ. ಗುಂಡುಗಳನ್ನು ಹಿಡಿದಿಡುವ ಕೋನ್ ತೆಗೆದುಕೊಳ್ಳಿ. ಆಕ್ಸಲ್ ಥ್ರೆಡ್‌ಗೆ ಅದು ಸಲೀಸಾಗಿ ಕೂರುತ್ತದೆ. ಹಬ್ಬಿನ ಕಪ್ಪಿಗೆ ಅದರ ಬಾಗು ಹೊಂದದಿದ್ದರೆ ಮಾತ್ರ ಗುಂಡು ಒಂದೇ ಗೆರೆಯಲ್ಲಿ ಉಜ್ಜಿ, ಬೇಗನೆ ಗುಳಿ ಬೀಳುತ್ತದೆ. ಕೂತ ಮಾತ್ರಕ್ಕೆ ಹೊಂದಿತೆಂದು ಹೇಳಲಾಗದು. ಇಂಗ್ಲೆಂಡಿನಲ್ಲೇ ರ‍್ಯಾಲಿ ಕಂಪನಿ ಬಿ.ಬಿ. ಕಪ್ಪಿಗೆ ಇಂಚಿಗೆ 26 ಥ್ರೆಡ್ ಇಟ್ಟುಕೊಂಡಿತ್ತು, ಉಳಿದವರದು 24. ವ್ಯಾಸ ಒಂದೇ ಇರುವುದರಿಂದ, ಒಂದರ ಕಪ್ಪನ್ನು ಇನ್ನೊಂದರ ಫ್ರೇಮಿಗೆ ಹಾಕಿದರೆ ಮೊದಲ ಸುತ್ತು ಹಿಡಿದಂತಾಗಿ ಆಮೇಲೆ ಸಿಕ್ಕಿಕೊಳ್ಳುತ್ತದೆ. ಬಲ ಹಾಕಿದರೆ ಫ್ರೇಮಿನ ಥ್ರೆಡ್ಡೇ ಹಾಳು.

ಟೈರಿನದು ಇನ್ನೂ ದೊಡ್ಡ ಗೊಂದಲ. 26 x 1 3/8 ಎಂದು ಬರೆದ ಟೈರ್ ಕೂರುವ ರಿಮ್ಮಿನ ವ್ಯಾಸ 590 ಮಿ.ಮೀ.; ಮೌಂಟನ್ ಬೈಕಿನ 26ರದು 559. ಹೆಸರು ಒಂದೇ ಆದರೂ ವ್ಯತ್ಯಾಸ 31 ಮಿ.ಮೀ. ಕರಿ ಸೈಕಲ್ಲಿನ 28 x 1 1/2ಕ್ಕೆ 635 ಮಿ.ಮೀ., 28 ಎಂದೇ ಮಾರುವ 700ಸಿ ಟೈರಿಗೆ 622. ಇದನ್ನು ಪರಿಹರಿಸಲೆಂದೇ ಐ.ಎಸ್‌.ಒ. 5775 ಮಾನದಂಡ ಅಗಲ ಮತ್ತು ರಿಮ್ ವ್ಯಾಸವನ್ನು ಮಿ.ಮೀ.ನಲ್ಲಿ, 37-590 ಎಂಬಂತೆ, ಬರೆಯಲು ಹೇಳುತ್ತದೆ. ಈ ಸಂಖ್ಯೆ ನೋಡಿ ಟೈರ್ ಕೇಳುವ ರೂಢಿ ನಮ್ಮಲ್ಲಿ ಬೆಳೆಯಲಿಲ್ಲ. ಶಾಪಿನಲ್ಲಿ ಇಂದಿಗೂ ಕೇಳುವುದು ಇಪ್ಪತ್ತಾರು, ಇಪ್ಪತ್ತೆಂಟು ಎಂದೇ.

ಕರ್ನಾಟಕ ಸರ್ಕಾರ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದ್ದು ಈ ದೃಷ್ಟಿಯಿಂದಲೂ ಅಧ್ಯಯನಕ್ಕೆ ತಕ್ಕ ವಿಷಯ. ಒಂದೇ ಮಾದರಿಯ ಸೈಕಲ್ಲುಗಳು ಏಕಕಾಲಕ್ಕೆ ಊರೂರಿಗೆ ಬಂದರೆ ಯಾವ ಟೈರ್, ಯಾವ ಬ್ರೇಕ್ ಶೂ ಇಟ್ಟುಕೊಳ್ಳಬೇಕೆಂಬುದನ್ನು ಆ ಸೈಕಲ್ಲುಗಳೇ ತೀರ್ಮಾನಿಸುತ್ತವೆ. ಆದ್ದರಿಂದ ಇಂಥ ಖರೀದಿಯ ಟೆಂಡರಿನಲ್ಲಿ ರಿಮ್ ವ್ಯಾಸ, ಬಿ.ಬಿ. ಥ್ರೆಡ್, ಆಕ್ಸಲ್ ಅಳತೆ ಮಿ.ಮೀ. ಸಮೇತ ಬರೆದಿರಬೇಕು. ಕರಾವಳಿಯ ತಾಲೂಕುಗಳಿಗೆ ಕಳಿಸುವ ಸೈಕಲ್ಲಿನ ಕಡ್ಡಿ, ನಟ್ಟುಗಳ ಲೇಪನಕ್ಕೆ ಬೇರೆಯದೇ ಷರತ್ತು ಬೇಕು.

ಮಣಿಪಾಲ, ಉಡುಪಿಯ ರಸ್ತೆಗಳಲ್ಲಿ ಈಗ ಕಾಣುವ ಗೇರ್ ಸೈಕಲ್ಲುಗಳು ಇನ್ನೊಂದು ದಿಕ್ಕಿನವು. ಹಲವದರಲ್ಲಿ ಥ್ರೆಡ್‌ನ ಫ್ರೀವೀಲ್ ಹೋಗಿ ಕ್ಯಾಸೆಟ್ ಬಂದಿದೆ. ಗೇರಿನ ಸಂಖ್ಯೆ ಏರಿದಂತೆ ಚೈನು ಸಪೂರವಾಗುತ್ತದೆ, ಬಿ.ಬಿ.ಗೆ ಹತ್ತಾರು ಬಗೆ. ಅರ್ಧ ಇಂಚಿನ ಅಂತರವೊಂದು ಅಲ್ಲೂ ಉಳಿದಿದೆ, ಆದರೆ ಕರಿ ಸೈಕಲ್ಲಿನ ಚೈನು ಆ ಕ್ಯಾಸೆಟ್ಟಿನ ಹಲ್ಲುಗಳ ಮೇಲೆ ಓಡದು. ಎರ್ಮಾಳಿನಂಥ ಊರಲ್ಲಿ ಅಂಥ ಸೈಕಲ್ ಕೊಳ್ಳುವವರು ಟೈರಿನ ಮೇಲಿನ ಮಿ.ಮೀ. ಸಂಖ್ಯೆ, ಹಿಂದಿನ ಹಬ್ಬಿನ ಬಗೆ, ಬಿ.ಬಿ.ಯ ಬಗೆ ಈ ಮೂರನ್ನು ಬಿಲ್ಲಿನ ಹಿಂದೆಯೇ ಬರೆಸಿಟ್ಟುಕೊಳ್ಳುವುದು ಒಳಿತು. ಬದಲಿ ಭಾಗ ತರಿಸುವಾಗ ಶಾಪಿನವರು ಮೊದಲು ಕೇಳುವುದು ಅದನ್ನೇ.